ಕಡಲ ತಡಿಯಲ್ಲಿ ನಾಲ್ಕು ದಿನ

ಗುಬ್ಬಿಯ ನಮ್ಮ ಮನೆಯಿಂದ ಕೂಗಳತೆಯ ದೂರ ನಡೆದರೆ ಹೆದ್ದಾರಿ ಸಿಗುತ್ತದೆ. ತೆಂಗಿನಕಾಯಿ ತುಂಬಿದ ಲಾರಿಗಳೂ ತಿಪಟೂರಿನ ಕಡೆಯ ಬಸ್ಸುಗಳೂ ಹಗಲಿರುಳು ಓಡಾಡುವ ರಸ್ತೆ ಅದು. ಹುಡುಗನಾಗಿದ್ದಾಗ ನಾನು ಆ ರಸ್ತೆ ತಿಪಟೂರಿನ ಸಂತೆಯಲ್ಲಿ ಮುಗಿಯುತ್ತದೆಂದೇ ತಿಳಿದಿದ್ದೆ. ಪ್ರೌಢಶಾಲೆಗೆ ಸೇರಿ ಭೂಪಟವನ್ನು ನೋಡಿದಾಗ ನಿಜ ಗೊತ್ತಾಯಿತು. ತುಮಕೂರಿನಲ್ಲಿ ಹೊರಟ ಆ ರಸ್ತೆ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರಗಳನ್ನು ದಾಟಿ, ಜೋಗದ ಆಚೆ ಘಟ್ಟವನ್ನಿಳಿದು, ಹೊನ್ನಾವರದಲ್ಲಿ ಕಡಲನ್ನು ಮುಟ್ಟುತ್ತದೆ. ಅದಕ್ಕೆ ಬಹುಕಾಲ ೨೦೬ನೆಯ ರಾಷ್ಟ್ರೀಯ ಹೆದ್ದಾರಿ ಎಂಬ ಹೆಸರಿತ್ತು. ಅದರ ಉದ್ದ ಸುಮಾರು ೩೬೦ ಕಿಲೋಮೀಟರು. ಕುಣಿಗಲ್ಲಿನ ಮಕ್ಕಳಿಗೂ ಇಂಥದೇ ಭಾಗ್ಯವಿದೆ. ಅವರ ಊರಿನ ಮಗ್ಗುಲಲ್ಲಿ ಹಾಯುವ ಹೆದ್ದಾರಿ ಹಾಸನ, ಸಕಲೇಶಪುರಗಳ ಮೇಲೆ ಸಾಗಿ, ಶಿರಾಡಿ ಘಟ್ಟವನ್ನಿಳಿದು ಮಂಗಳೂರನ್ನು ಸೇರುತ್ತದೆ. ಬಯಲು ಸೀಮೆಯವರಾದ ನಾವು ಕಡಲಿನಿಂದ ದೂರವಿದ್ದೇವೆ, ನಿಜ. ಆದರೆ ಕಡಲಿನ ದಾರಿ ನಮ್ಮ ಬಾಗಿಲ ಮುಂದೆಯೇ ಇದೆ.

ದಾರಿ ಇದ್ದ ಮಾತ್ರಕ್ಕೆ ಹೋಗುವ ಬಗೆ ತಿಳಿದಂತಾಗಲಿಲ್ಲ. ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಉಪಾಧ್ಯಾಯನಾಗಿ ಸೇರಿದ ಹೊಸತರಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಇದೇ ರಸ್ತೆಯಲ್ಲಿ ಪ್ರವಾಸ ಹೊರಟಿದ್ದೆ. ಮೂರು ದಿನಗಳಲ್ಲಿ ಹನ್ನೊಂದು ಊರುಗಳನ್ನು ನೋಡುವ ಏರ್ಪಾಡು. ಒಂದೊಂದು ಊರಿನಲ್ಲಿಯೂ ಬಸ್ಸಿನಿಂದ ಇಳಿಯುವುದು, ಎಣಿಸುವುದು, ಮತ್ತೆ ಹತ್ತಿಸುವುದು. ಇಷ್ಟೇ ನಮ್ಮ ಪ್ರವಾಸ. ಕೊನೆಯ ದಿನ ಸಂಜೆ ಹೊನ್ನಾವರದ ಆಚೆ, ಹೆಸರನ್ನೂ ವಿಚಾರಿಸದೆ, ಒಂದು ಮರಳ ದಂಡೆಯಲ್ಲಿ ಬಸ್ಸು ನಿಲ್ಲಿಸಿದೆವು. "ಅರ್ಧ ಗಂಟೆ ಸಮಯ" ಎಂದು ಹೇಳಿದ್ದೇ ತಡ, ಮಕ್ಕಳು ನೀರಿನ ಕಡೆಗೆ ಓಡಿದರು. ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದ ಒಬ್ಬ ಹುಡುಗ ನೋಡನೋಡುತ್ತಿದ್ದಂತೆ ಎದೆಮಟ್ಟದ ನೀರಿನಲ್ಲಿದ್ದ. ಮರುಕ್ಷಣ ಅವನ ತಲೆ ಮಾತ್ರ ಕಾಣುತ್ತಿತ್ತು. ದಡದಲ್ಲಿ ಬಲೆ ಒಣಹಾಕುತ್ತಿದ್ದ ಇಬ್ಬರು ಮೀನುಗಾರರು ದೋಣಿಯ ಹಗ್ಗ ಹಿಡಿದು ಹಾರಿ ಅವನನ್ನು ಎಳೆದು ತಂದರು. ಹುಡುಗ ಬದುಕಿದ. ಅವರಲ್ಲಿ ಹಿರಿಯನಾದವನು ನನ್ನನ್ನು ಬಯ್ಯಲಿಲ್ಲ. "ಮಾಸ್ತರ್ರೇ, ಇಲ್ಲಿ ಇಳಿಯಬಹುದೇ ಎಂದು ಒಂದು ಮಾತು ಕೇಳಬಾರದಿತ್ತೇ?" ಎಂದಷ್ಟೇ ಹೇಳಿದ. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ೨೦೨೪ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆಂದು ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅವರೂ ನಮ್ಮಂತೆಯೇ ಕೆರೆಗಳ ಸೀಮೆಯ ಮಕ್ಕಳು. ಆ ಸುದ್ದಿಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಅದಾದ ಮೇಲೆ ಒಂದು ದಸರೆಯ ರಜೆಯಲ್ಲಿ ಮೊಮ್ಮಕ್ಕಳು ಕಡಲು ನೋಡಬೇಕೆಂದು ಹಟ ಹಿಡಿದರು. ಮೊಮ್ಮಗಳು ತುಮಕೂರಿನಲ್ಲಿ ಒಂಬತ್ತನೆಯ ತರಗತಿಯವಳು. ಮೊಮ್ಮಗ ಕುಣಿಗಲ್ಲಿನವನು, ಅವಳಿಗಿಂತ ಎರಡು ವರ್ಷ ಚಿಕ್ಕವನು. ಮನೆಯಲ್ಲಿ ಎಲ್ಲರಿಗೂ ಒಂದಿಷ್ಟು ವಿಶ್ರಾಂತಿ ಬೇಕಾಗಿತ್ತು. ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಭೂಪಟವನ್ನು ಹರಡಿಕೊಂಡು ಕುಳಿತೆವು.

"ತಾತ, ಜೋಗ, ಇಡಗುಂಜಿ, ಮುರುಡೇಶ್ವರ, ಯಾಣ, ಕಾರವಾರ, ಎಲ್ಲವನ್ನೂ ಸೇರಿಸಿಬಿಡೋಣ" ಎಂದ ಮೊಮ್ಮಗ.

"ಹಾಗಾದರೆ ಸುಧಾರಿಸಿಕೊಳ್ಳೋದು ಯಾವಾಗಪ್ಪಾ?" ಎಂದಳು ಅವನ ಅಜ್ಜಿ, ವೀಳ್ಯದೆಲೆಗೆ ಸುಣ್ಣ ಸವರುತ್ತ. "ನೆಂಟರ ಮನೆಗೆ ಹೋಗೋವಾಗ ಏನೇನು ನೋಡ್ತೀವಿ ಹೇಳು. ಅವರಿಗೆ ಬಿಡುವಿದೆಯೋ ಇಲ್ಲವೋ, ಅವರ ಮನೆ ಪದ್ಧತಿ ಏನು, ನಮ್ಮಿಂದ ಅವರಿಗೆ ಎಷ್ಟು ಖರ್ಚು. ಕಡಲಿನ ಮನೆಗೂ ಹಾಗೇ ಹೋದರಾಯಿತು."

ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಆಕೆ ನಮ್ಮ ಪ್ರವಾಸದ ಇಡೀ ಯೋಜನೆಯನ್ನು ಮೂರು ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಮೊಮ್ಮಗಳು ಹೊಸ ನೋಟುಪುಸ್ತಕದಲ್ಲಿ ಮೂರು ತಲೆಬರಹಗಳನ್ನು ಬರೆದಳು: ಬಿಡುವು, ಪದ್ಧತಿ, ಖರ್ಚು.

ಮೊದಲು ಯಾವ ಮನೆ ಎಂಬುದು ತೀರ್ಮಾನವಾಗಬೇಕಷ್ಟೆ. ಕರ್ನಾಟಕದ ಕರಾವಳಿ ಮೂರು ಜಿಲ್ಲೆಗಳಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿದೆ. ಅದರಲ್ಲಿ ನಾವು ಆರಿಸಿಕೊಂಡದ್ದು ಉತ್ತರ ಕನ್ನಡದಲ್ಲಿ ಗೋಕರ್ಣಕ್ಕೂ ಕುಮಟೆಗೂ ನಡುವಣ ಒಂದು ತುಂಡು. ಇಲ್ಲಿ ಸಹ್ಯಾದ್ರಿ ಕಡಲಿಗೆ ತೀರ ಸಮೀಪಕ್ಕೆ ಬರುತ್ತದೆ. ಬೆಟ್ಟದ ಕವಲುಗಳು ಬೆರಳು ಚಾಚಿದಂತೆ ನೀರಿನೊಳಕ್ಕೆ ಹೋಗಿ ಭೂಶಿರಗಳಾಗಿವೆ. ಅವುಗಳ ನೆತ್ತಿಯಲ್ಲಿ ಕೆಂಪು ಜಂಬಿಟ್ಟಿಗೆಯ ಬಯಲು; ಬುಡದಲ್ಲಿ ಅಲೆಗಳು ಸಾವಿರಾರು ವರ್ಷ ಹೊಡೆದು ಒಡೆದ ಕರಿಯ ಬಂಡೆಗಳು. ಎರಡು ಭೂಶಿರಗಳ ನಡುವೆ ಅಲೆಯ ಕಸುವು ತಗ್ಗುವ ಕೊಲ್ಲಿಗಳಲ್ಲಿ ಮಾತ್ರ ಮರಳು ನಿಂತಿದೆ. ಗೋಕರ್ಣದ ಕುಡ್ಲೆ, ಓಂ, ಅರ್ಧಚಂದ್ರ ಎಂಬ ತೀರಗಳೆಲ್ಲ ಹೀಗೆ ಆದವು. ಒಂದರಿಂದ ಒಂದಕ್ಕೆ ಗುಡ್ಡದ ಮೇಲಣ ಕಾಲುದಾರಿಯಲ್ಲಿ ನಡೆದು ಹೋಗಬಹುದು. ದಾರಿ ಕಡಿದಾದ್ದರಿಂದಲೇ ಈ ತೀರಗಳು ಬಹುಕಾಲ ಕೆಡದೆ ಉಳಿದವು.

ಜಂಬಿಟ್ಟಿಗೆ ಎಂಬ ಮಾತನ್ನು ಗಮನಿಸಿ. ನೆಲದಲ್ಲಿ ಮೆದುವಾಗಿದ್ದು, ಕೊಯ್ದು ಗಾಳಿಗಿಟ್ಟರೆ ಗಟ್ಟಿಯಾಗುವ ಈ ಕಲ್ಲಿನ ಹೆಸರಿನಲ್ಲಿಯೇ ಇಟ್ಟಿಗೆ ಅಡಗಿದೆ. ಟಿಪ್ಪುವಿನ ಪತನದ ಬಳಿಕ ೧೮೦೦ ಮತ್ತು ೧೮೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದೇ ಕಲ್ಲನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟೆರೈಟ್ ಎಂದು ಹೆಸರಿಟ್ಟ. ಅವನ ಪ್ರವಾಸ ಕಥನ ೧೮೦೭ರಲ್ಲಿ ಅಚ್ಚಾಯಿತು. ಅದರಲ್ಲಿ ನಮ್ಮ ಗುಬ್ಬಿಯ ಪೇಟೆಯ ವರ್ಣನೆಯೂ ಇದೆ, ಗೋಕರ್ಣದ ವರ್ಣನೆಯೂ ಇದೆ. ನಮಗಿಂತ ಇನ್ನೂರು ವರ್ಷ ಮೊದಲೇ ಒಬ್ಬನು ಈ ಎರಡೂ ಊರುಗಳನ್ನು ಒಂದೇ ಪ್ರವಾಸದಲ್ಲಿ ನೋಡಿದ್ದ.

ಇನ್ನು ಬಿಡುವಿನ ವಿಚಾರ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ಕಾಲ. ಆಗ ಕಡಲಿಗೆ ಯಾರನ್ನೂ ಮಾತನಾಡಿಸುವ ಮನಸ್ಸಿರುವುದಿಲ್ಲ. ನಮ್ಮ ತುಮಕೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಆರೇಳು ನೂರು ಮಿಲಿಮೀಟರು. ಹೊನ್ನಾವರದ ಕಡೆ ಅದು ೩,೦೦೦ ಮಿಲಿಮೀಟರನ್ನು ಮೀರುತ್ತದೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯುವುದನ್ನೇ ಸರ್ಕಾರ ನಿಷೇಧಿಸಿದೆ. ಕಡಲಿನಲ್ಲಿಯೇ ಹುಟ್ಟಿ ಬೆಳೆದವರು ದೋಣಿಯನ್ನು ದಡಕ್ಕೆಳೆಯುವ ಕಾಲದಲ್ಲಿ ನಾವು ಹೋಗಿ ನೀರಿಗಿಳಿಯುವುದು ಅವಿವೇಕ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೆಕೆ ಮೈಯನ್ನು ಹಿಂಡುತ್ತದೆ. ಆದ್ದರಿಂದ ಮಳೆ ಹಿಂದೆಗೆದ ಮೇಲಿನ ದಿನಗಳೇ ಸರಿ ಎಂದು ದಸರೆ ರಜೆಯ ಕೊನೆಯ ವಾರವನ್ನು ಗೊತ್ತುಮಾಡಿದೆವು. ಅದರಲ್ಲಿಯೂ ಶನಿವಾರ, ಭಾನುವಾರಗಳನ್ನು ಬಿಟ್ಟು ಸೋಮವಾರದಿಂದ ಗುರುವಾರದವರೆಗೆ. ಜನಸಂದಣಿಯಿಂದ ತಪ್ಪಿಸಿಕೊಳ್ಳಲು ಹೊರಟವರು ಜನಸಂದಣಿಯೊಡನೆ ಹೋಗಬಾರದಲ್ಲವೆ?

ಹೋಗುವಾಗ ಹೆದ್ದಾರಿಯಲ್ಲಿ ಬಸ್ಸು, ಸಾಗರದಲ್ಲಿ ಒಂದು ರಾತ್ರಿಯ ತಂಗುದಾಣ, ಬರುವಾಗ ರೈಲು. ೨೦೧೭ರಲ್ಲಿ ಕುಣಿಗಲ್ಲಿನ ಮೇಲೆ ಹಾಸನಕ್ಕೆ ರೈಲುಮಾರ್ಗ ತೆರೆದ ಮೇಲೆ ಕಾರವಾರದ ಕಡೆಯ ರಾತ್ರಿ ರೈಲು ನಮಗೆ ಒದಗಿತು. ಉಳಿದುಕೊಳ್ಳಲು ಅಘನಾಶಿನಿ ಊರಿನ ಬಳಿ ಅತಿಥಿಗಳಿಗೆ ಎರಡು ಕೊಠಡಿ ಬಿಟ್ಟುಕೊಡುವ ಒಂದು ಮನೆಯನ್ನು ಗೊತ್ತುಮಾಡಿಕೊಂಡೆವು. ನಾಲ್ಕು ದಿನಗಳಲ್ಲಿ ನಮಗೆ ಅದೊಂದೇ ನಿಲ್ದಾಣ. ಮೊಮ್ಮಗನ ಪಟ್ಟಿಯ ಊರುಗಳಲ್ಲಿ ದಾರಿಗೆ ಸಿಗುವ ಜೋಗದ ಹೊರತು ಉಳಿದೆಲ್ಲವನ್ನೂ ಮುಂದಿನ ರಜೆಗೆ ಬಿಟ್ಟೆವು.

ಎರಡನೆಯದು ಪದ್ಧತಿ. ಕಡಲಿನ ಮನೆಯ ಮೊದಲ ಪದ್ಧತಿ ಉಬ್ಬರವಿಳಿತ. ಚಂದ್ರ ಸೂರ್ಯರ ಸೆಳೆತದಿಂದ ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಏರಿಗೂ ಅದರ ಮುಂದಿನ ಇಳಿತಕ್ಕೂ ನಡುವೆ ಆರು ಗಂಟೆಗಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಇಂದು ಬೆಳಗ್ಗೆ ೬ ಗಂಟೆಗೆ ಪೂರ್ಣ ಇಳಿತವಾದರೆ ನಾಳೆ ಅದು ಸುಮಾರು ೬ ಗಂಟೆ ೫೦ ನಿಮಿಷಕ್ಕೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಏರಿಳಿತ ಹೆಚ್ಚು. ಅಷ್ಟಮಿಯ ಸುಮಾರಿಗೆ ಕಡಮೆ. ಇಳಿತದಲ್ಲಿ ನಡೆದು ಹೋದ ಬಂಡೆಯ ದಾರಿ ಉಬ್ಬರದಲ್ಲಿ ಇರುವುದಿಲ್ಲ. ತಿಳಿಯದವನು ಬಂಡೆಯ ಮೇಲೆ ಸಿಕ್ಕಿಬೀಳುವುದು ಹೀಗೆ. ಮೊಮ್ಮಗಳು ಪಂಚಾಂಗದ ತಿಥಿಯನ್ನು ನೋಡಿಕೊಂಡು ನಾಲ್ಕು ದಿನಗಳಿಗೂ ಒಂದು ಪಟ್ಟಿಯನ್ನು ಸಿದ್ಧಗೊಳಿಸಿದಳು. ಗಂಟೆಗಳನ್ನು ಊರಿನ ಮೀನುಗಾರರನ್ನು ಕೇಳಿ ತುಂಬುವುದೆಂದು ಜಾಗ ಬಿಟ್ಟಳು.

ಎರಡನೆಯ ಪದ್ಧತಿ ಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಬೇಕಷ್ಟೆ. ಅದು ಎಲ್ಲ ಕಡೆಯಿಂದಲೂ ಸಮನಾಗಿ ಹಿಂದಿರುಗುವುದಿಲ್ಲ. ಮರಳಿನ ದಿಬ್ಬಗಳ ನಡುವೆ ತಗ್ಗು ಸಿಕ್ಕಿದೆಡೆ ಕಾಲುವೆಯಾಗಿ ರಭಸದಿಂದ ಹೊರಕ್ಕೆ ಹರಿಯುತ್ತದೆ. ಅಂಥ ಕಡೆ ಅಲೆ ಒಡೆಯುವುದು ಕಡಮೆ; ನೀರು ಸುತ್ತಲಿಗಿಂತ ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ತಿಳಿಯದವನು ಅದನ್ನೇ ಸುರಕ್ಷಿತವೆಂದು ಆರಿಸಿಕೊಳ್ಳುತ್ತಾನೆ! ನನ್ನ ಶಿಷ್ಯ ಸಿಕ್ಕಿಕೊಂಡದ್ದು ಅಂಥ ಜಾಗದಲ್ಲಿಯೇ. ಸೆಳೆತಕ್ಕೆ ಸಿಕ್ಕವನು ದಡದ ಕಡೆಗೆ ನೇರವಾಗಿ ಈಜಿದರೆ ಬಲಗುಂದುತ್ತಾನೆ. ಗಾಬರಿಗೊಳ್ಳದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಆ ಕಾಲುವೆಯಿಂದ ಹೊರಬಿದ್ದ ಮೇಲೆ ದಡದ ಕಡೆಗೆ ತಿರುಗಬೇಕು. ದಡದಲ್ಲಿರುವವರು ತಾವೂ ಹಾರಬಾರದು. ತೇಲುವ ವಸ್ತುವನ್ನೋ ಹಗ್ಗವನ್ನೋ ಎಸೆದು, ಬಲ್ಲವರನ್ನು ಕೂಗಿ ಕರೆಯಬೇಕು. ೧೧೨ಕ್ಕೆ ದೂರವಾಣಿ ಮಾಡಬೇಕು. ಇವೆಲ್ಲಕ್ಕಿಂತ ಮೊದಲು ಪಾಲಿಸಬೇಕಾದದ್ದು, ಕೇಳದೆ ಇಳಿಯಬಾರದು ಎಂಬ ನಿಯಮ.

ಮೂರನೆಯದು ಖರ್ಚು, ಎಂದರೆ ನಮ್ಮಿಂದ ಆ ತೀರಕ್ಕೆ ಬೀಳುವ ಹೊರೆ. ಕಡಲ ತಡಿಯಲ್ಲಿ ನೀರಿಗೆ ಬರವಿಲ್ಲ, ಸಿಹಿನೀರಿಗೆ ಬರ. ಅಲ್ಲಿಯ ಬಾವಿಯಿಂದ ಮಿತಿಮೀರಿ ನೀರೆತ್ತಿದರೆ ಉಪ್ಪುನೀರು ಒಳಸರಿಯುತ್ತದೆ. ಆದ್ದರಿಂದ ದಿನಕ್ಕೆ ಒಂದೇ ಸ್ನಾನ ಎಂದು ಒಪ್ಪಿಕೊಂಡೆವು. ತಿಂಡಿಯನ್ನು ಡಬ್ಬಿಗಳಲ್ಲಿ, ಕುಡಿಯುವ ನೀರನ್ನು ಸ್ಟೀಲಿನ ಕೂಜದಲ್ಲಿ ಒಯ್ಯುವುದೆಂದಾಯಿತು. ಡಿಸೆಂಬರಿನಿಂದ ಮುಂದೆ ಹೊನ್ನಾವರದ ಕಡೆಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಚೀಲವನ್ನು ಲೋಳೆಮೀನೆಂದು ನುಂಗಿ ಆಮೆ ಸಾಯುವುದುಂಟು. ಆದಕಾರಣ ಒಂದು ಗೋಣಿಚೀಲವನ್ನು ನಮ್ಮ ಕಸಕ್ಕೆಂದೇ ಕಟ್ಟಿಕೊಂಡೆವು. ಅದರೊಡನೆ ಟೋಪಿ, ಕೊಡೆ, ಟಾರ್ಚು, ಹಗ್ಗ, ಔಷಧದ ಪೆಟ್ಟಿಗೆ.

ಇಷ್ಟು ಸಿದ್ಧತೆಯನ್ನು ಕಂಡು, "ವಿಶ್ರಾಂತಿಗೆ ಹೊರಟಿದ್ದೀರೋ ದಂಡಯಾತ್ರೆಗೋ?" ಎಂದು ನೆರೆಯವರು ನಗೆಯಾಡಿದರು. ಆದರೆ ನಿಶ್ಚಿಂತೆ ತಾನಾಗಿ ಬರುವುದಿಲ್ಲ. ಮೊದಲೇ ಚಿಂತಿಸಬೇಕಾದುದನ್ನು ಚಿಂತಿಸಿ ಮುಗಿಸಿದವನಿಗೆ ಮಾತ್ರ ಆಮೇಲೆ ನಿಶ್ಚಿಂತೆ. ಸೌಕರ್ಯ ಕಡಮೆ ಇರುವ ಜಾಗಕ್ಕೆ ಸಿದ್ಧತೆ ಹೆಚ್ಚು ಬೇಕು.

ಮೊದಲ ದಿನ ಸಂಜೆ ನಾವು ಏನೂ ಮಾಡಲಿಲ್ಲ. ಹಾಗೆ ಮಾಡಬಾರದೆಂಬುದು ಯೋಜನೆಯಲ್ಲಿಯೇ ಇತ್ತು. ಮರಳಿನ ಮೇಲೆ ಕುಳಿತು ಸೂರ್ಯ ಮುಳುಗುವುದನ್ನು ನೋಡಿದೆವು. ಮನೆಯಾಕೆ ಮುರುಗಲು ಹಣ್ಣಿನ ಪಾನಕ ಕೊಟ್ಟರು. ರಾತ್ರಿ ಕುಚ್ಚಲಕ್ಕಿಯ ಅನ್ನ, ತಂಬುಳಿ. ಮುದ್ದೆಯಿಲ್ಲವೆಂದು ಮೊಮ್ಮಗ ಒಂದು ಹೊತ್ತು ಮುಖ ಸಣ್ಣದು ಮಾಡಿದ, ಮರುದಿನ ಮರೆತ. ಅಲೆಯ ಸದ್ದು ಜೋಗುಳದಂತೆ ಕೇಳುತ್ತಿತ್ತು. ೧೮೮೦ರ ದಶಕದ ಮೊದಲ ವರ್ಷಗಳಲ್ಲಿ ಇಪ್ಪತ್ತೆರಡರ ಆಸುಪಾಸಿನ ರವೀಂದ್ರನಾಥ ಠಾಕೂರರು ಇದೇ ಜಿಲ್ಲೆಯ ಕಾರವಾರದಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಕೆಲಕಾಲ ತಂಗಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗುವುದು, ಮರಳಿನ ಮೇಲೆ ನಡೆಯುವುದು, ಇವು ಅಲ್ಲಿ ಅವರ ಅನುಭವಗಳಲ್ಲಿದ್ದವು. ಅಂಥ ಬಿಡುವಿನಲ್ಲಿಯೇ 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ಹುಟ್ಟಿತು. ಸುಮ್ಮನೆ ಕುಳಿತ ಹೊತ್ತೆಲ್ಲ ಕಳೆದುಹೋದ ಹೊತ್ತಲ್ಲ.

ಎರಡನೆಯ ದಿನ ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಯನ್ನು ನೋಡಲು ಹೋದೆವು. ನದಿ ಕಡಲನ್ನು ಕೂಡುವ ಈ ಜಾಗದಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ನೀರು ಇಳಿದ ಕೆಸರಿನಲ್ಲಿ ಹೆಂಗಸರು ಬಗ್ಗಿ ಬಳಚು ಎಂಬ ಚಿಪ್ಪುಜೀವಿಗಳನ್ನು ಆಯುತ್ತಿದ್ದರು. ಆಚೆ ಗಜನಿ ಗದ್ದೆಗಳು. ಅಲ್ಲಿ ಉಪ್ಪನ್ನು ತಾಳಿಕೊಂಡು ಬೆಳೆಯುವ ಕಗ್ಗ ಎಂಬ ಭತ್ತ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಇದೇ ಉಪ್ಪುನೀರನ್ನು ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. ಸುಮಾರು ೪,೮೦೦ ಹೆಕ್ಟೇರು ಹರವಿನ ಈ ಅಳಿವೆ ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನಾವು ವಿಶ್ರಾಂತಿಗೆ ಬಂದ ಜಾಗ ಇನ್ನೊಬ್ಬರ ಹೊಲ, ಇನ್ನೊಬ್ಬರ ಅಡುಗೆಮನೆ ಎಂಬುದು ಅಂದು ಮಕ್ಕಳಿಗೆ ಮನದಟ್ಟಾಯಿತು.

ಮೂರನೆಯ ದಿನದ್ದೇ ನಾನು ಹೇಳಲೇಬೇಕಾದ ಸಂಗತಿ. ದೋಣಿಯಲ್ಲಿ ನದಿ ದಾಟಿ ತದಡಿಗೆ ಬಂದು, ಗೋಕರ್ಣದ ಕಡೆಯ ಗುಡ್ಡದ ದಾರಿ ಹಿಡಿದಿದ್ದೆವು. ಒಂದು ಚಿಕ್ಕ ಕೊಲ್ಲಿ ಕಾಣಿಸಿತು. ಬಂಡೆಗಳ ನಡುವೆ ಮರಳು, ಮುಂದೆ ಅಲೆಯೇ ಇಲ್ಲದಂಥ ಹಸಿರು ನೀರು. ಜನರಿಲ್ಲ. ಮೊಮ್ಮಗ ಅಂಗಿಯ ಗುಂಡಿ ಬಿಚ್ಚತೊಡಗಿದ. ಅವನು ಕುಣಿಗಲ್ ಕೆರೆಯ ಸೀಮೆಯ ಹುಡುಗ, ಚೆನ್ನಾಗಿ ಈಜಬಲ್ಲ. ಕೂಗೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ನಿಂತ. ಬಂಡೆಯ ಮರೆಯಲ್ಲಿ ಸೌದೆಯ ಹೊರೆ ಇಳಿಸಿ ಕುಳಿತಿದ್ದ ಒಬ್ಬ ಮುದುಕಿಯ ಬಳಿಗೆ ಹೋಗಿ, "ಅಮ್ಮಾ, ಇಲ್ಲಿ ನೀರಿಗೆ ಇಳಿಯಬಹುದೇ?" ಎಂದು ಕೇಳಿದ.

ಆಕೆ ನೀರನ್ನೂ ಅವನನ್ನೂ ನೋಡಿ ತಲೆಯಲ್ಲಾಡಿಸಿದಳು. "ಬೇಡ ಮಗಾ. ಅಲೆ ಇಲ್ಲದ ಕಡೆಯೇ ಸೆಳೆತ. ಕೆರೆಯ ನೀರು ನಿಂತಿರುತ್ತದೆ, ಇದು ನಡೆಯುವ ನೀರು" ಎಂದಳು.

ಅವನು ಮರುಮಾತಾಡದೆ ಗುಂಡಿ ಹಾಕಿಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತ. ಒಂದು ಗಂಟೆಯ ಕಾಲ ನಾವೆಲ್ಲರೂ ಆ ಹಸಿರು ನೀರನ್ನು ನೋಡುತ್ತ ಕುಳಿತಿದ್ದೆವು. ಉಬ್ಬರ ಏರತೊಡಗಿದಾಗ ಮೊಮ್ಮಗಳು ಪಟ್ಟಿಯನ್ನು ನೋಡಿ, "ಹೊರಡೋಣ ತಾತ" ಎಂದಳು. ನಾನು ಮುದುಕಿಗೆ ಕೈ ಮುಗಿದೆ. ಏಕೆ ಮುಗಿದೆನೆಂದು ಆಕೆಗೆ ತಿಳಿದಿರಲಾರದು. ಎಷ್ಟೋ ವರ್ಷಗಳ ಹಿಂದೆ ಉತ್ತರ ಕೊಡಲಾರದೆ ನಿಂತಿದ್ದ ಒಂದು ಪ್ರಶ್ನೆಗೆ ಅಂದು ನನ್ನ ಮೊಮ್ಮಗ ಉತ್ತರ ಕೊಟ್ಟಿದ್ದ.

ನಾಲ್ಕನೆಯ ದಿನ ಕೊಠಡಿಯನ್ನು ಗುಡಿಸಿ, ಗೋಣಿಚೀಲವನ್ನು ಹೊತ್ತು ರೈಲು ಹತ್ತಿದೆವು. ಮುಂಜಾನೆ ಕುಣಿಗಲ್ಲಿನಲ್ಲಿ ಇಳಿದಾಗ ಕೆರೆಯ ಮೇಲಿನ ತಣ್ಣನೆಯ ಗಾಳಿ ಬೀಸುತ್ತಿತ್ತು. ಮೊಮ್ಮಗ ಅದರ ಕಡೆ ನೋಡಿ, "ಇದೂ ಚೆನ್ನಾಗಿಯೇ ಇದೆ, ಅಲ್ಲವೇ ತಾತ?" ಎಂದ. ಅವನ ಅಜ್ಜಿ ನಕ್ಕಳು. "ನೆಂಟರ ಮನೆಯಿಂದ ಬಂದ ಮೇಲೆ ನಮ್ಮ ಮನೆ ಚೆನ್ನಾಗಿ ಕಾಣಬೇಕು, ಅವರಿಗೂ ನಾವು ಮತ್ತೆ ಬರಲಿ ಅನ್ನಿಸಬೇಕು. ಆಗ ಹೋಗಿ ಬಂದದ್ದು ಸಾರ್ಥಕ" ಎಂದಳು.

ಅಭ್ಯಾಸ

೧. ಲೇಖಕರ ಹಳೆಯ ಪ್ರವಾಸಕ್ಕೂ ಈ ಪ್ರವಾಸಕ್ಕೂ ಇರುವ ವ್ಯತ್ಯಾಸಗಳನ್ನು ತಿಳಿಸಿರಿ.
೨. ಅಜ್ಜಿ ಹೇಳಿದ ಮೂರು ಮಾತುಗಳು ಪ್ರವಾಸದ ಯೋಜನೆಗೆ ಹೇಗೆ ನೆರವಾದವು?
೩. ಶಾಂತವಾಗಿ ಕಾಣುವ ನೀರು ಅಪಾಯಕರವಾಗುವುದು ಏಕೆ? ಸೆಳೆತಕ್ಕೆ ಸಿಕ್ಕವನು ಏನು ಮಾಡಬೇಕು?
೪. ಒಂದು ದಿನ ಬೆಳಗ್ಗೆ ೭ ಗಂಟೆಗೆ ಪೂರ್ಣ ಇಳಿತವಾದರೆ ಮುಂದಿನ ಮೂರು ದಿನಗಳಲ್ಲಿ ಅದು ಸುಮಾರು ಎಷ್ಟು ಹೊತ್ತಿಗೆ ಆಗುತ್ತದೆ? ಪಟ್ಟಿಮಾಡಿರಿ.
೫. "ಕೆರೆಯ ನೀರು ನಿಂತಿರುತ್ತದೆ, ಇದು ನಡೆಯುವ ನೀರು." ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು? ಅದರ ಸ್ವಾರಸ್ಯವನ್ನು ವಿವರಿಸಿರಿ.